ಸಹಾಯ ಬೇಕು: ಇಡೀ ರಾತ್ರಿ ಯಕ್ಷಗಾನದ ಆಟ ನೋಡಬೇಕು, ಒಂಬತ್ತಕ್ಕೇ ಕಣ್ಣು ಎಳೆಯುತ್ತದೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಬೆಳಗ್ಗೆ ನಾಲ್ಕೂವರೆಗೆ ಅಲಾರಾಂ ಇಲ್ಲದೇ ಎಚ್ಚರವಾಗುತ್ತದೆ. ಬೀದಿ ಏಳುವಷ್ಟರಲ್ಲಿ ನನ್ನ ಅರ್ಧ ಕೆಲಸ ಮುಗಿದಿರುತ್ತದೆ. ಅದು ಖುಷಿಯೇ.

ತೊಂದರೆ ಇರುವುದು ರಾತ್ರಿ. ಆರತಕ್ಷತೆ ಏಳಕ್ಕೆ ಅಂತ ಕಾರ್ಡಿನಲ್ಲಿ ಇರುತ್ತದೆ. ಮದುಮಕ್ಕಳು ವೇದಿಕೆ ಹತ್ತುವುದು ಎಂಟೂವರೆಗೆ, ಊಟಕ್ಕೆ ಎಲೆ ಹಾಕುವುದು ಇನ್ನೂ ತಡ. ಪಾಯಸ ಬರುವಷ್ಟರಲ್ಲಿ ನಾನು ಎಲೆ ಮುಂದೆ ತೂಕಡಿಸುತ್ತಿರುತ್ತೇನೆ. ಪಕ್ಕದವರು ಮೊಣಕೈಯಲ್ಲಿ ತಿವಿದು ಎಬ್ಬಿಸಬೇಕು!

ಈಗ ಮುಂದಿನ ತಿಂಗಳು ತೀರ್ಥಹಳ್ಳಿ ಹತ್ತಿರ ತವರುಮನೆಯಲ್ಲಿ ಹರಕೆ ಯಕ್ಷಗಾನ. ಬೆಳಗಿನವರೆಗೂ ಆಟ. ಆಡಿಸುತ್ತಿರುವುದು ಅಣ್ಣನೇ, ಹಾಗಾಗಿ ಮಧ್ಯೆ ಎದ್ದು ಹೋಗಿ ಮಲಗುವಂತಿಲ್ಲ. ಅತ್ತಿಗೆ ವರ್ಷವಿಡೀ ಆಡಿಕೊಳ್ಳುತ್ತಾರೆ.

ಸ್ವಲ್ಪ ಓದಿ ನೋಡಿದೆ. ದೇಹದೊಳಗೆ ಒಂದು ಗಡಿಯಾರ ಇರುತ್ತದಂತೆ. ಅದು ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಕೂಡ ಬಂತು. ಮುಂಜಾನೆಯ ಬೆಳಕು ಈ ಗಡಿಯಾರವನ್ನು ಬೇಗ ಮಾಡುತ್ತದೆ, ಸಂಜೆಯ ಜೋರು ಬೆಳಕು ತಡ ಮಾಡುತ್ತದೆ. ನಾನೋ ದಿನಾ ಸೂರ್ಯ ಹುಟ್ಟುವಾಗ ಕಾಫಿ ಹಿಡಿದು ಜಗುಲಿಯಲ್ಲೇ ಕೂರುವವಳು. ಒಂದು ವಾರ ಅದನ್ನು ಬಿಟ್ಟು, ಸಂಜೆ ಜೋರು ದೀಪ ಹಾಕಿಕೊಂಡು ಕೂತರೆ ಉಪಯೋಗ ಆಗುತ್ತಾ? ಯಾರಾದರೂ ಮಾಡಿ ನೋಡಿದ್ದೀರಾ?

ಆ ದಿನ ಮಧ್ಯಾಹ್ನ ಎಷ್ಟು ಹೊತ್ತು ಮಲಗಿದರೆ ಒಳ್ಳೆಯದು? ರಾತ್ರಿ ಪಾಳಿ ಕೆಲಸ ಮಾಡುವವರು, ನರ್ಸ್‌ಗಳು, ಬಸ್ ಡ್ರೈವರ್‌ಗಳು ಇದ್ದರೆ ದಯವಿಟ್ಟು ಹೇಳಿ. ಕಾಫಿ ಕುಡಿ ಅನ್ನಬೇಡಿ, ರಾತ್ರಿ ಕುಡಿದರೆ ನನಗೆ ಎದೆ ಡವಡವ ಅನ್ನುತ್ತದೆ, ನಿದ್ದೆ ಮಾತ್ರ ಹೋಗುವುದಿಲ್ಲ.