ಅಪ್‌ಡೇಟ್: ವಾಕಿಂಗ್ ಗುರಿಯನ್ನು ಯಾರಿಗೆ, ಎಷ್ಟು ಹೇಳಬೇಕು?

ಶುಗರ್ ಹತೋಟಿಗೆ ದಿನಾ ನಡೆಯುವ ಗುರಿಯನ್ನು ಎಲ್ಲರಿಗೂ ಹೇಳಬೇಕೇ, ಗುಟ್ಟಾಗಿಡಬೇಕೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆ. ಈಗ ಗಟ್ಟಿಯಾಗಿರುವ ಏರ್ಪಾಡು ಇದು.

ಫ್ಯಾಮಿಲಿ ಗ್ರೂಪಿನಲ್ಲಿ ಘೋಷಣೆ ಇಲ್ಲ. ಹೇಳಿದ ಕೂಡಲೇ ಸಿಗುವ ಶಹಬ್ಬಾಸ್‌ಗಿರಿಯೇ ಅರ್ಧ ಕೆಲಸ ಮುಗಿದ ಭಾವ ಕೊಡುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ತಂಡ 2009ರಲ್ಲಿ ತೋರಿಸಿದ್ದೂ ಹೆಚ್ಚುಕಮ್ಮಿ ಇದನ್ನೇ. ಬದಲಿಗೆ ಒಬ್ಬರೇ ಜೊತೆಗಾರರು, ಬೆಳಿಗ್ಗೆ 6ಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಹತ್ತಿರ. ಬರಲಾಗದಿದ್ದರೆ ಹಿಂದಿನ ರಾತ್ರಿ 9ರೊಳಗೆ ಮೆಸೇಜು. ವಾರಕ್ಕೆ 5 ದಿನ, 30 ನಿಮಿಷ ಬಿರುಸು ನಡಿಗೆ; ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಅಲ್ಲಿಗೆ ತುಂಬುತ್ತದೆ.

ಹಂಚಿಕೊಳ್ಳುವುದು ನಡೆದ ನಿಮಿಷ ಮಾತ್ರ, ತೂಕವಲ್ಲ. ಉಪ್ಪು, ನೀರಿನ ಹೆಚ್ಚುಕಡಿಮೆಗೇ ತೂಕ ಒಂದು ಕೆ.ಜಿ. ಆಚೀಚೆ ಆಗುತ್ತದೆ, ಸುಮ್ಮನೆ ಎದೆಗುಂದುತ್ತೀರಿ. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ತೋರಿಸುವುದಂತೂ 2-3 ತಿಂಗಳ ಶುಗರ್‌ನ ಸರಾಸರಿ. ವಾರವಾರ ಕೇಳುವ ಚಿಕ್ಕಪ್ಪನಿಗೆ ಹೇಳಲು ಏನೂ ಇರುವುದಿಲ್ಲ.

ಅಡುಗೆ ಮಾಡುವವರಿಗೆ ಮಾತ್ರ ಅಳತೆ ಸಮೇತ ಹೇಳಬೇಕು. 'ಅನ್ನ ಕಮ್ಮಿ' ಅಂದರೆ ಸಾಲದು. 'ರಾತ್ರಿ ಒಂದೇ ಸೌಟು ಅನ್ನ, ಪಲ್ಯ ಎರಡು ಸೌಟು' ಅನ್ನಿ.

ಇನ್ಸುಲಿನ್ ತೆಗೆದುಕೊಳ್ಳುವವರು ಶುಗರ್ ಇಳಿದಾಗಿನ ಬೆವರು, ನಡುಕದ ಬಗ್ಗೆ ಜೊತೆಗಾರರಿಗೆ ಮೊದಲೇ ತಿಳಿಸಿ, ಜೇಬಿನಲ್ಲಿ 3 ಟೀ ಚಮಚದಷ್ಟು ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಿ.