ಮೂರು ಸೆನ್ಸರು ಒಟ್ಟಿಗೆ ಸಾಯಲ್ಲ ಗುರು

ನಂಜುಂಡಿ ಒಂದ್ಸಲ "ಬೋರ್ಡ್ ಹೋಗಿದೆ", ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್ (ಇಸಿಎಂ) ಕೆಟ್ಟಿದೆ ಅಂದ್ಬಿಟ್ರೆ ಮುಗೀತು, ಬ್ರಹ್ಮನೇ ಇಳಿದು ಬಂದು ಇಲ್ಲ ಕಣಪ್ಪಾ ಅಂದ್ರೂ ಒಪ್ಪೋ ಆಸಾಮಿ ಅಲ್ಲ. ಗಾಡಿ ಯಾವ್ದು, ಏನ್ ತೊಂದ್ರೆ, ಏನೂ ಕೇಳಲ್ಲ, ಕ್ಯಾಬಿನ್ ಎತ್ತೋಕ್ ಮುಂಚೆನೇ ತೀರ್ಪು ರೆಡಿ. ಈ ಸಲ ಸಿಕ್ಕಿಹಾಕ್ಕೊಂಡಿದ್ದು ಶಂಕ್ರನ ಟ್ರಕ್ಕು. ಲೋಡ್ ಹಾಕ್ಕೊಂಡು ಏರು ಹತ್ತೋವಾಗ ಇದ್ದಕ್ಕಿದ್ದಂಗೆ ಪಿಕಪ್ ಬಿಟ್ಟಿದೆ, ಚೆಕ್ ಲೈಟ್ ಹತ್ಕೊಂಡಿದೆ, ಆಕ್ಸಿಲರೇಟರ್ ನೆಲ ಮುಟ್ಟೋ ತನಕ ತುಳಿದ್ರೂ ಇಂಜಿನ್ನು ತನಗೂ ಇದಕ್ಕೂ ಸಂಬಂಧನೇ ಇಲ್ಲ ಅನ್ನೋ ಹಂಗೆ ಗುರ್ ಅಂತಿದೆ.

"ಬೂಸ್ಟ್ ಸೆನ್ಸರ್ ಅಂತ ಸ್ಕ್ಯಾನರ್ ಹೇಳ್ತು, ಹೊಸದು ತಂದು ಹಾಕ್ದೆ, ಹಂಗೇ ಇದೆ" ಅಂದ ಶಂಕ್ರ. ಸ್ಕ್ಯಾನರ್ ಅಂದ್ರೆ ಗಾಡಿ ಬರ್ಕೊಂಡಿರೋ ದೂರಿನ ಕೋಡ್ ಓದೋ ಡಬ್ಬಾ, ಬೂಸ್ಟ್ ಅಂದ್ರೆ ಇಂಜಿನ್ನಿಗೆ ಟರ್ಬೋ ನುಗ್ಗಿಸೋ ಗಾಳಿಯ ಒತ್ತಡ.

"ಸ್ಕ್ಯಾನರ್ ಹಂಗೆ ಹೇಳಲ್ವಲ್ಲಾ" ಅಂದ ಇಬ್ಬು. ಇಬ್ಬು ನಮ್ ಗುಂಪಲ್ಲಿ ವೈರಿಂಗ್ ಕೆಲಸ ಮಾಡೋನು, ಮಾತು ಕಮ್ಮಿ, ಅದಕ್ಕೇ ಅವನ ಮಾತು ಯಾರೂ ಕೇಳಲ್ಲ.

ಅಷ್ಟರಲ್ಲಿ ಪರಮೇಶಣ್ಣ ಶುರು ಹಚ್ಕೊಂಡ. ಅವನು ಹಳೇ ಕಾಲದ ಡ್ರೈವರ್ರು, ಸೆನ್ಸರ್ ಅನ್ನೋ ಪದ ಕಿವಿಗೆ ಬಿದ್ರೆ ಸಾಕು ಪುರಾಣ ಬಿಚ್ತಾನೆ. "ನಮ್ ಕಾಲದ ಪಂಪಲ್ಲಿ ಒಂದು ವೈರ್ ತೋರ್ಸು ನೋಡಣ. ಡೀಸೆಲ್ ಬಂತಾ, ಗಾಳಿ ಬಂತಾ, ಹೊಡಿ. ಈಗ ಗಾಡಿಗೆ ಜ್ವರ ಬಂದಿದ್ಯೋ ಇಲ್ವೋ ಅಂತ ಇನ್ನೊಂದು ಡಬ್ಬಾನ ಕೇಳ್ಬೇಕು."

"ಅಣ್ಣಾ, ನಿಮ್ ಪಂಪು ಹೊಗೆ ಬಿಟ್ಕೊಂಡು ಹೋಗೋವಾಗ ಹಿಂದಿನ್ ಗಾಡಿಯವ್ನಿಗೆ ಹಗಲಲ್ಲೇ ಲೈಟ್ ಹಾಕೋ ಪರಿಸ್ಥಿತಿ ಇತ್ತು, ಅದನ್ನೂ ಹೇಳಿ" ಅಂದೆ ನಾನು. ಪರಮೇಶಣ್ಣ ಕೇಳಿಸ್ಲೇ ಇಲ್ಲ ಅನ್ನೋ ಥರ ಟೈರ್ ನೋಡಿದ.

ಶಂಕ್ರ ಸ್ಕ್ಯಾನರ್ ಸ್ಕ್ರೀನಿನ ಫೋಟೋ ತೆಗೆದಿದ್ದ, ತೋರ್ಸಿದ. ದೊಡ್ಡ ಡೀಸೆಲ್ ಗಾಡಿಗಳು ಮಾತಾಡೋದು ಜೆ1939 ಅನ್ನೋ ಭಾಷೇಲಿ, ಅದ್ರಲ್ಲಿ ಪ್ರತಿ ಕೋಡಿಗೂ ಎರಡು ನಂಬರು. ಮೊದಲ್ನೇದು ಎಸ್‌ಪಿಎನ್, ಅಂದ್ರೆ ಯಾರ ಬಗ್ಗೆ ದೂರು ಅಂತ. ಎರಡ್ನೇದು ಎಫ್‌ಎಂಐ, ಅಂದ್ರೆ ಏನ್ ದೂರು ಅಂತ. ನಮ್ ಜನ ಮೊದಲ್ನೇ ನಂಬರ್ ನೋಡಿ ಸೀದಾ ಅಂಗಡಿಗೆ ಓಡ್ತಾರೆ, ಎರಡ್ನೇದನ್ನ ಓದೋರೇ ಇಲ್ಲ, ವಿಷಯ ಇರೋದೇ ಅಲ್ಲಿ. ಫೋಟೋದಲ್ಲಿ 102, 157, 100, ಮೂರು ಸಾಲು. ಬೂಸ್ಟ್ ಪ್ರೆಶರ್, ರೈಲ್ ಪ್ರೆಶರ್ (ರೈಲ್ ಅಂದ್ರೆ ಇಂಜೆಕ್ಟರುಗಳಿಗೆ ಡೀಸೆಲ್ ಒತ್ತಿ ಹಿಡಿಯೋ ಪೈಪು), ಆಯಿಲ್ ಪ್ರೆಶರ್. ಮೂರಕ್ಕೂ ಎಫ್‌ಎಂಐ 4, ಅಂದ್ರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಮ್ಮಿ ಇದೆ ಅಂತ.

"ನೋಡಿದ್ಯಾ? ಮೂರೂ ಹೋಗಿದಾವೆ. ಮೂರ್ ಒಟ್ಟಿಗೆ ಹೋದ್ವು ಅಂದ್ರೆ ಬೋರ್ಡೇ" ಅಂದ ನಂಜುಂಡಿ, ಎದೆ ಉಬ್ಬಿಸ್ಕೊಂಡು.

"ಮೂರು ಸೆನ್ಸರು ಮಾತಾಡ್ಕೊಂಡು ಒಂದೇ ನಿಮಿಷದಲ್ಲಿ ಸಾಯಲ್ಲ ಗುರು" ಅಂದ ಇಬ್ಬು. "ಮೂರೂ ಊಟ ಮಾಡೋ ತಟ್ಟೆ ಒಂದೇ ಇರ್ಬೇಕು. ಶಂಕ್ರ, ಆ ಕೆಳಗಡೆ ಏನಿದೆ?"

ಕೆಳಗಡೆ ಶಂಕ್ರನ ಹೆಬ್ಬೆರಳಿತ್ತು. ಫೋಟೋ ತೆಗೆಯೋವಾಗ ಸ್ಕ್ಯಾನರ್ ಹಿಡ್ಕೊಂಡಿದ್ದ ಬೆರಳು, ಗ್ರೀಸ್ ಮೆತ್ಕೊಂಡಿರೋ ಉಗುರು ಸಮೇತ, ನಾಲ್ಕನೇ ಸಾಲಿನ ಮೇಲೆ ಕೂತಿತ್ತು. ಮತ್ತೆ ಸ್ಕ್ಯಾನರ್ ಹಾಕಿ ನೋಡಿದ್ರೆ 3509, ಎಫ್‌ಎಂಐ 4. ಸೆನ್ಸರುಗಳಿಗೆ ಇಸಿಎಂ ಕೊಡೋ ಸಪ್ಲೈ ವೋಲ್ಟೇಜೇ ಕಮ್ಮಿ ಅಂತ ಗಾಡಿ ಪಾಪ ಬಾಯ್ಬಿಟ್ಟು ಹೇಳಿದೆ, ಇವ್ನು ಅದರ ಬಾಯಿಗೇ ಹೆಬ್ಬೆಟ್ಟು ಇಟ್ಟಿದಾನೆ.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಅಂತ ಪರಮೇಶಣ್ಣ ನಗಾಡ್ದ, ಶಂಕ್ರ ಕಳಚಿದ್ದ ಹಳೇ ಬೂಸ್ಟ್ ಸೆನ್ಸರ್‌ನ ಮೆಲ್ಲಗೆ ಜೇಬಿಂದ ತೆಗೆದು ನೋಡಿ ಮತ್ತೆ ಜೇಬಿಗೇ ಹಾಕ್ಕೊಂಡ. ಪಾಪ, ಅದು ಚೆನ್ನಾಗೇ ಇತ್ತು.

ಇಬ್ಬು ಹೇಳಿದ್ದು ಇಷ್ಟೇ, ಈ ಥರ ಪ್ರೆಶರ್ ಸೆನ್ಸರಿಗೆ ಮೂರು ವೈರು. ಒಂದ್ರಲ್ಲಿ ಇಸಿಎಂ 5 ವೋಲ್ಟ್ ಕಳಿಸತ್ತೆ, ಒಂದು ಗ್ರೌಂಡು, ಇನ್ನೊಂದ್ರಲ್ಲಿ ಸೆನ್ಸರ್ ಉತ್ತರ ಕೊಡತ್ತೆ, ಸಾಮಾನ್ಯವಾಗಿ 0.5 ಇಂದ 4.5 ವೋಲ್ಟ್ ಒಳಗೆ. ಆ 5 ವೋಲ್ಟ್ ಲೈನು ಎಷ್ಟೋ ಗಾಡೀಲಿ ಕೆಲವು ಸೆನ್ಸರಿಗೆ ಸೇರಿ ಒಂದೇ ಇರತ್ತೆ. ಒಂದೇ ಪೈಪಲ್ಲಿ ನಾಲ್ಕು ಮನೆಗೆ ನೀರು ಬಿಟ್ಟಂಗೆ, ಒಂದು ಮನೇಲಿ ನಲ್ಲಿ ಮುರ್ಕೊಂಡು ಬಿದ್ರೆ ಮಿಕ್ಕಿದವ್ರ ಮನೇಲಿ ಬರೀ ಗಾಳಿ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದ್ರೆ ಲೈನ್ ಪೂರಾ ಕೆಳಗಿಳಿಯತ್ತೆ, ಪಕ್ಕದವ್ರೆಲ್ಲ ಸುಳ್ಳು ಹೇಳೋಕೆ ಶುರು ಮಾಡ್ತಾರೆ.

"ಸರಿ, ಚೆಕ್ ಮಾಡಣ" ಅಂತ ನಂಜುಂಡಿ ಬಲ್ಬಿನ ಟೆಸ್ಟ್ ಲ್ಯಾಂಪ್ ತಗೊಂಡು ಬಂದ. ಇಬ್ಬು ಅದನ್ನ ಕಿತ್ಕೊಂಡು ದೂರ ಇಟ್ಟ. ಆ 5 ವೋಲ್ಟ್ ಲೈನು ಬಲ್ಬ್ ಉರಿಸೋಕೆ ಮಾಡಿದ್ದಲ್ಲ, ಅಷ್ಟು ಕರೆಂಟ್ ಎಳೆದ್ರೆ ಇಲ್ಲದ್ ತೊಂದ್ರೆ, ಮೀಟರೇ ಬೇಕು. ಆಮೇಲೆ ನಂಜುಂಡಿ ವೈರಿನ ಸಿಪ್ಪೆಗೆ ಗುಂಡುಪಿನ್ನು ಚುಚ್ಚಕ್ ಹೋದ, ಅದನ್ನೂ ಕಿತ್ಕೊಂಡ. ಚುಚ್ಚಿದ ತೂತಲ್ಲಿ ನೀರು ಇಳಿದು ಒಳಗೆ ತಾಮ್ರ ಹಸಿರಾಗತ್ತೆ, ಮುಂದಿನ ಮಳೇಲಿ ಅದೇ ಗಾಡಿ ಮತ್ತೆ ನಿನ್ ಹತ್ರನೇ ಬರತ್ತೆ ಅಂದ. ಕನೆಕ್ಟರ್ ಪಿನ್ನಿನ ಒಳಗೆ ಮೀಟರಿನ ದಪ್ಪ ಮೊನೆ ತುರುಕೋದೂ ಅಷ್ಟೇ, ಪಿನ್ ಅಗಲ ಆಗಿ ಲೂಸಾಗತ್ತೆ, ರಿಪೇರಿಗೆ ಅಂತ ಬಂದಿದ್ದ ಗಾಡಿಗೆ ನಾವೇ ಒಂದು ಹೊಸ ರೋಗ ಕೊಟ್ಟು ಕಳಿಸ್ದಂಗೆ. ಇದು ನಾನು ಕಂಡಂಗೆ ಸೆನ್ಸರ್ ಹಾಳಾಗೋದಕ್ಕಿಂತ ಜಾಸ್ತಿ ನಡೆಯೋ ಪ್ರಕರಣ.

ಕೀ ಆನ್, ಇಂಜಿನ್ ಆಫ್. ಬೂಸ್ಟ್ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಹಾರ್ನೆಸ್ ಕಡೆ, ಅಂದ್ರೆ ಇಸಿಎಂ ಇಂದ ಬರೋ ವೈರಿನ ಕಟ್ಟಿನ ಕಡೆ, ಸಪ್ಲೈ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ಸಣ್ಣ ಪಿನ್ ಇಟ್ಟು ಮೀಟರ್ ಹಚ್ದ. 5 ಇರ್ಬೇಕಾದ ಕಡೆ ಒಂದೂ ಚಿಲ್ಲರೆ.

"ಬೋರ್ಡು!" ಅಂದ ನಂಜುಂಡಿ.

"ಬಾಯ್ ಮುಚ್ಕೊಂಡ್ ಮೀಟರ್ ನೋಡು" ಅಂದ ಇಬ್ಬು.

ಮೀಟರ್ ಅಲ್ಲೇ ಬಿಟ್ಟು ಒಂದೊಂದೇ ಕನೆಕ್ಟರ್ ಎಳೆಯೋಕೆ ಶುರು ಮಾಡ್ದ. ರೈಲ್ ಸೆನ್ಸರಿನ ಕನೆಕ್ಟರ್ ಎಳೆದ, ಏನೂ ಬದಲಾಗ್ಲಿಲ್ಲ. ಹುಮ್ಮಸ್ಸಲ್ಲಿ ಶಂಕ್ರ ಆ ಸೆನ್ಸರನ್ನೇ ಬಿಚ್ಚಿಬಿಡ್ಲಾ ಅಂತ ಪಾನಾ ಎತ್ತಿದ, ಪರಮೇಶಣ್ಣನೇ ಬೈದ, ಕನೆಕ್ಟರ್ ಎಳೆಯೋದು ಬೇರೆ ಸೆನ್ಸರ್ ಬಿಚ್ಚೋದು ಬೇರೆ ಕಣೋ, ಇಂಜಿನ್ ಲೋಡಲ್ಲಿ ಓಡ್ತಿರೋವಾಗ ರೈಲಲ್ಲಿ ಪ್ರೆಶರ್ ಸಾವಿರ ಬಾರ್ ದಾಟತ್ತೆ, ಸೀಳ್ಕೊಂಡು ಬಂದ್ರೆ ಚರ್ಮದೊಳಗೆ ಡೀಸೆಲ್ ನುಗ್ಗತ್ತೆ, ಆಫ್ ಮಾಡಿದ್ರೂ ಪ್ರೆಶರ್ ಇಳಿದಿದ್ಯಾ ಅಂತ ನೋಡ್ದೆ ಕೈ ಹಾಕ್ಬಾರ್ದು ಅಂತ. ಪಂಪಿನ ಕಾಲದವ್ನಿಗೆ ಇದು ಹೆಂಗ್ ಗೊತ್ತು ಅಂತ ನಾವೆಲ್ಲ ಮುಖ ಮುಖ ನೋಡ್ಕೊಂಡ್ವಿ. ಅವ್ನು ಮತ್ತೆ ಟೈರ್ ನೋಡಿದ.

ಇತ್ಲಾಗೆ ಸ್ಕ್ಯಾನರ್ ಹಿಡ್ಕೊಂಡಿದ್ದ ಶಂಕ್ರ ಕಿರುಚಿದ, "ಅಯ್ಯೋ ಕೋಡ್ ಜಾಸ್ತಿ ಆಗ್ತಿದಾವೆ ಕಣ್ರೋ!" ಕನೆಕ್ಟರ್ ಎಳೆದಿದ್ದಕ್ಕೆ ಗಾಡಿ ಹೊಸ ದೂರು ಬರ್ಕೊಳ್ತಿದೆ ಅಷ್ಟೇ, ಆಮೇಲೆ ಅಳಿಸಬಹುದು ಅಂತ ಹೇಳಿದ್ರೂ ಅವನ ಮುಖದಲ್ಲಿ ಐಸಿಯು ಹೊರಗೆ ನಿಂತಿರೋ ಸಂಬಂಧಿಕರ ಕಳೆ.

ಆಯಿಲ್ ಪ್ರೆಶರ್ ಸೆನ್ಸರಿನ ಕನೆಕ್ಟರ್ ಎಳೆದಿದ್ದೇ ತಡ, ಮೀಟರ್ ಟಕ್ ಅಂತ 5.01. ಮತ್ತೆ ಹಾಕಿದ್ರೆ ಕೆಳಗೆ, ತೆಗೆದ್ರೆ ಮೇಲೆ. ಕಳ್ಳ ಸಿಕ್ದ. ಎಲ್ಲಾ ಎಳೆದ್ಮೇಲೂ ಏರ್ದೇ ಇದ್ದಿದ್ರೆ ಆಗ ವೈರ್ ಎಲ್ಲಾದ್ರೂ ಉಜ್ಜಿ ಬಾಡಿಗೆ ತಾಗಿದ್ಯಾ ಅಂತ ಹುಡುಕ್ಬೇಕು, ಅದೂ ಸರಿ ಇದ್ರೆ, ಕಟ್ಟಕಡೆಗೆ, ನಂಜುಂಡಿಯ ಬೋರ್ಡು.

"ಅಂದ್ರೆ ಬೋರ್ಡೂ ಇರಬಹುದಿತ್ತು" ಅಂದ ನಂಜುಂಡಿ.

ಅವನು ಅಷ್ಟಕ್ಕೆ ಬಿಡ್ಲಿಲ್ಲ. ಹಿಂದೆ ಒಂದು ಗಾಡೀಲಿ ಕೂಲಂಟ್ ಟೆಂಪರೇಚರ್ ಮೈನಸ್ 40 ತೋರಿಸ್ತಿತ್ತು, ರೇಡಿಯೇಟರ್ ಕೈ ಸುಡ್ತಿತ್ತು, ಅದು ಬೋರ್ಡ್ ಅಲ್ದೆ ಇನ್ನೇನು ಅಂತ ವಾದ. ಇಬ್ಬು ನಕ್ಕ. ಆ ಸೆನ್ಸರಿಗೆ ಎರಡೇ ವೈರು, ಬಿಸಿ ಏರಿದಂಗೆ ಅದರ ರೆಸಿಸ್ಟೆನ್ಸ್ ಇಳಿಯತ್ತೆ. ವೈರ್ ಕಟ್ಟಾದ್ರೆ ಇಸಿಎಂಗೆ ರೆಸಿಸ್ಟೆನ್ಸ್ ಲೆಕ್ಕಕ್ಕೇ ಸಿಗದಷ್ಟು ಕಾಣತ್ತೆ, ಅಬ್ಬಾ ಎಷ್ಟು ಚಳಿ ಅಂತ ತಿಳ್ಕೊಂಡು ಎಷ್ಟೋ ಗಾಡೀಲಿ ಮೈನಸ್ 40 ತೋರಿಸತ್ತೆ. ಕನೆಕ್ಟರ್ ತೆಗೆದು ಹಾರ್ನೆಸ್ ಕಡೆ ಆ ಎರಡು ಪಿನ್ನಿಗೂ ಒಂದು ತುಂಡು ವೈರ್ ಸೇರ್ಸು, ಸ್ಕ್ಯಾನರಲ್ಲಿ ಸೀದಾ ವಿಪರೀತ ಬಿಸಿ ತೋರಿಸ್ತಾ? ಹಂಗಾದ್ರೆ ವೈರೂ ಸರಿ, ನಿನ್ ಬೋರ್ಡೂ ಸರಿ, ಸೆನ್ಸರೇ ಹೋಗಿದೆ. ಹಾಂ, ಇದು ಎರಡು ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ, ಮೂರು ವೈರಿನದ್ದಕ್ಕೆ ಹಂಗೆ ಸೇರ್ಸಕ್ ಹೋಗ್ಬೇಡಿ ಅಂತ ನಂಜುಂಡಿ ಕಡೆಗೇ ನೋಡಿ ಹೇಳ್ದ.

ಶಂಕ್ರನಿಗೆ ಹೊಸ ಚಿಂತೆ. ಆಯಿಲ್ ಸೆನ್ಸರ್ ಸುಳ್ಳು ಹೇಳ್ತಿದೆ ಸರಿ, ಆದ್ರೆ ಆಯಿಲ್ ಪ್ರೆಶರ್ ನಿಜವಾಗ್ಲೂ ಇದ್ಯಾ? ಒಳ್ಳೇ ಪ್ರಶ್ನೆ ಅದು, ಇಡೀ ದಿನದಲ್ಲಿ ಅವನು ಕೇಳಿದ ಒಂದೇ ಒಳ್ಳೇ ಪ್ರಶ್ನೆ. ಇಬ್ಬು ಕೆಟ್ಟ ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಗೇಜ್ ಕೂರ್ಸಿ ಇಂಜಿನ್ ಸ್ಟಾರ್ಟ್ ಮಾಡ್ಸಿದ. ಮುಳ್ಳು ಗತ್ತಲ್ಲಿ ಮೇಲೆದ್ದು ಬುಕ್ಕಲ್ಲಿ ಹೇಳಿದ ಲೆಕ್ಕಕ್ಕಿಂತ ಮೇಲೇ ನಿಂತ್ಕೊಳ್ತು. ಮಿಕ್ಕ ಕನೆಕ್ಟರ್ ಹಾಕಿದ್ದಕ್ಕೆ ಬೂಸ್ಟೂ ರೈಲೂ ಸರಿಯಾದ ಲೆಕ್ಕ ಹೇಳೋಕೆ ಶುರು ಮಾಡಿದ್ವು.

ಪರಮೇಶಣ್ಣನ ಕಣ್ಣಲ್ಲಿ ಹೊಳಪು ನೋಡ್ಬೇಕಿತ್ತು. ವೈರಿಲ್ಲ, ಕೋಡಿಲ್ಲ, ಹಿತ್ತಾಳೆ ಬಾಡಿ, ಗಾಜಿನೊಳಗೆ ಒಂದು ಮುಳ್ಳು. "ಇದು! ಇದು ಮೀಟರು ಅಂದ್ರೆ! ಇದನ್ನ ಹಿಂಗೇ ಬಿಟ್ಬಿಡಿ, ಸೆನ್ಸರ್ ಗಿನ್ಸರ್ ಏನೂ ಬೇಡ."

"ಅಣ್ಣಾ, ಹೊಸ ಸೆನ್ಸರ್ ಕೂರಿಸ್ಬೇಕು, ಇಲ್ಲಾಂದ್ರೆ ಚೆಕ್ ಲೈಟ್ ಆರಲ್ಲ" ಅಂದ ಇಬ್ಬು.

"ಲೈಟಿನ ಬಲ್ಬ್ ಬಿಚ್ಚು."

"ಕ್ಯಾಬಿನ್ ಇಳಿಸಿದ್ಮೇಲೆ ಗೇಜ್ ಯಾರಿಗ್ ಕಾಣತ್ತೆ?"

"ಇಳಿಸ್ಬೇಡಿ."

ಇಬ್ಬು ಗೇಜ್ ಬಿಚ್ಚೋಕೆ ಪಾನಾ ಹುಡುಕಿದ್ರೆ ಪಾನಾ ಇಲ್ಲ, ಪರಮೇಶಣ್ಣ ಅದರ ಮೇಲೆ ಕೂತಿದ್ದ.