ಕಂಪ್ಯೂಟರ್ 'ಆರಿಹೋಯಿತು' ಅನ್ನಬಹುದೇ?

ಗೆಳೆಯರೇ,

ಒಂದು ಪದದ ಬಗ್ಗೆ ಕೇಳಬೇಕಿತ್ತು. ಹೋದ ತಿಂಗಳು ಸಾಗರದಿಂದ ನಮ್ಮ ಮಾವ ಫೋನ್ ಮಾಡಿದ್ದರು. "ಕಂಪ್ಯೂಟರ್ ಹಾಕಿದ ಒಂದು ನಿಮಿಷಕ್ಕೇ ಆರಿ ಹೋಗ್ತು ತಮಾ" ಅಂದರು. 'ಆರಿ ಹೋಗ್ತು' ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಪರದೆ. ಬೆಳಕು ಇರುವುದು ಅಲ್ಲಿ ತಾನೇ? ಮಾನಿಟರ್ ಕೇಬಲ್ ಬಿಚ್ಚಿಸಿ, ಮತ್ತೆ ಹಾಕಿಸಿ, ಪ್ಲಗ್ ಬದಲಿಸಿ ಹತ್ತು ನಿಮಿಷ ಸುಮ್ನೆ ಹಾಳು ಮಾಡಿದೆ. ಕೊನೆಗೆ "ಡಬ್ಬಿಯೊಳಗೆ ಫ್ಯಾನ್ ಸದ್ದು ಇದೆಯಾ ಮಾವ?" ಅಂತ ಕೇಳಿದರೆ "ಇಲ್ಲೆ, ಅದೂ ನಿಂತೋಗ್ತು" ಅಂದರು. ಅಂದರೆ ಪೂರ್ತಿ ಯಂತ್ರವೇ ಆಫ್ ಆಗುತ್ತಿತ್ತು. ಮಾವ ಹೇಳಿದ್ದು ಸರಿಯಾಗಿಯೇ ಇತ್ತು, ನಾನು ಕೇಳಿಸಿಕೊಂಡದ್ದು ತಪ್ಪು.

ಅಲ್ಲಿಂದ ಶುರುವಾಯಿತು ಈ ಅನುಮಾನ. ನಮ್ಮಲ್ಲಿ ಲೈಟನ್ನೂ 'ಹಾಕು' ಅನ್ನುತ್ತೇವೆ, ಫ್ಯಾನನ್ನೂ 'ಹಾಕು' ಅನ್ನುತ್ತೇವೆ. ಆದರೆ ನಿಲ್ಲಿಸುವಾಗ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಲೈಟನ್ನು ಆರಿಸುತ್ತೇವೆ, ಫ್ಯಾನನ್ನು ನಿಲ್ಲಿಸುತ್ತೇವೆ. ಫ್ಯಾನ್ ಆರಿಸು ಅಂತ ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ. ಹಾಗಾದರೆ ಕಂಪ್ಯೂಟರ್ ದೀಪದ ಜಾತಿಯೋ, ಫ್ಯಾನಿನ ಜಾತಿಯೋ? ಮಾವನಿಗೆ ಅದು ದೀಪ. ನನಗೆ ಅದು ಎರಡೂ ಅಲ್ಲ, ಬರೀ 'ಆಫ್'.

ಈ 'ಆಫ್ ಆಗುತ್ತೆ' ಅನ್ನುವುದೂ ಅಷ್ಟೇನೂ ಸ್ಪಷ್ಟವಾಗಿಲ್ಲ. ನಾವೇ ಆಫ್ ಮಾಡಿದರೂ ಆಫ್ ಆಗುತ್ತೆ, ತಾನಾಗೇ ಸತ್ತರೂ ಆಫ್ ಆಗುತ್ತೆ. ಅದಕ್ಕೇ ಜನ 'ತಾನಾಗೇ' ಅಂತ ಒಂದು ಬಾಲ ಸೇರಿಸುತ್ತಾರೆ. ಈ ವಿಷಯದಲ್ಲಿ ಹುಬ್ಬಳ್ಳಿ ಕಡೆಯವರು ನಮಗಿಂತ ಜಾಣರು. ಬೇಕಂತ ನಿಲ್ಲಿಸಿದರೆ 'ಬಂದ್ ಮಾಡ್ದೆ', ಅದಾಗೇ ಕೈಕೊಟ್ಟರೆ 'ಬಂದ್ ಬಿತ್ತು'. ಗಾಡಿಗೆ ಹೇಳುವ ಮಾತೇ ಕಂಪ್ಯೂಟರಿಗೂ ಸಲ್ಲುತ್ತದೆ. ಎರಡೇ ಕ್ರಿಯಾಪದದಲ್ಲಿ ಕೆಲಸ ಮುಗಿಯಿತು ನೋಡಿ.

ರಿಪೇರಿಗೆ ಕೂತವನಿಗೆ ಈ ವ್ಯತ್ಯಾಸ ಬರೀ ಭಾಷೆಯ ಚಪಲ ಅಲ್ಲ. ಸ್ವಿಚ್ ಒತ್ತಿದ ಒಂದೆರಡು ಸೆಕೆಂಡಿಗೇ ಎಲ್ಲಾ ಗಪ್ ಅಂದರೆ ಮೊದಲು ಎಸ್‌ಎಂಪಿಎಸ್ ಅಂದರೆ ಕರೆಂಟ್ ಒದಗಿಸುವ ಭಾಗದ ಮೇಲೆ ಅನುಮಾನ. ರ‍್ಯಾಮ್ ಅನ್ನುವ ನೆನಪಿನ ಪಟ್ಟಿ ಸರಿಯಾಗಿ ಕೂತಿಲ್ಲದಿದ್ದರೆ ಸಾಮಾನ್ಯವಾಗಿ ಬೀಪ್ ಅಂತ ಕೂಗುತ್ತೆ, ಪರದೆ ಕಪ್ಪಾಗಿರುತ್ತೆ, ಆದರೆ ಫ್ಯಾನ್ ತಿರುಗುತ್ತಲೇ ಇರುತ್ತೆ. ವಿಂಡೋಸ್ ಚಿತ್ರ ಬಂದ ಮೇಲೆ ಆರಿ, ಮತ್ತೆ ತಾನೇ ಹತ್ತಿ, ಮತ್ತೆ ಆರಿದರೆ ಅದು ಬೇರೆ ಕಥೆ, ಡಿಸ್ಕನ್ನೋ ಡ್ರೈವರನ್ನೋ ನೋಡಬೇಕು. ನಾನು ಪೆದ್ದನ ಹಾಗೆ "ಬೂಟ್ ಆಗೋ ಮುಂಚೆನಾ, ಆಮೇಲಾ?" ಅಂತ ಕೇಳಿದ್ದೆ. ಮಾವ ಸುಮ್ಮನಾಗಿಬಿಟ್ಟರು. "ಆರಿದ ಮೇಲೆ ತಾನೇ ಹತ್ತುತ್ತಾ?" ಅಂದಾಗ ತಕ್ಷಣ "ಇಲ್ಲೆ, ಹತ್ತತಿಲ್ಲೆ" ಅಂದರು. ಹತ್ತು, ಆರು. ಒಲೆಯ ಮಾತು, ದೀಪದ ಮಾತು, ಎಷ್ಟು ಚೆನ್ನಾಗಿ ಕೆಲಸಕ್ಕೆ ಬಂತು!

ಆ ಭಾನುವಾರ ಊರಿಗೆ ಹೋಗಿದ್ದೆ. ಹಾಕಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಬಯಾಸ್ ಪರದೆಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್ ಇರುವ ಜಾಗಕ್ಕೆ ಹೋದೆ. ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ, ಹಾಗಾಗಿ ಅಲ್ಲೂ ಆರಿದರೆ ತಪ್ಪು ವಿಂಡೋಸಿನದಲ್ಲ. ಅಲ್ಲಿ ಪ್ರೊಸೆಸರ್ ಬಿಸಿ ಎಷ್ಟು ಅಂತ ಬರುತ್ತಲ್ಲ, ಅದು 60, 75, 90 ಡಿಗ್ರಿ ಅಂತ ಕಣ್ಣೆದುರೇ ಏರಿತು, ಸ್ವಲ್ಪ ಹೊತ್ತಿಗೆ ಟಪ್. ಪ್ರೊಸೆಸರ್ ತನ್ನನ್ನು ತಾನು ಸುಟ್ಟುಕೊಳ್ಳದಿರಲಿ ಅಂತ ಇರುವ ವ್ಯವಸ್ಥೆ ಇದು. ಬಿಸಿ ಮಿತಿ ಮೀರಿದರೆ ಮೊದಲು ವೇಗ ತಗ್ಗಿಸುತ್ತೆ, ಅದಕ್ಕೂ ಬಗ್ಗದಿದ್ದರೆ ಕರೆಂಟನ್ನೇ ಕಡಿಯುತ್ತೆ. ಡಬ್ಬಿ ಬಿಚ್ಚಿದರೆ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಮೇಲೆದ್ದಿತ್ತು. ಅದರ ಕೆಳಗೆ ಬಿಸಿ ದಾಟಿಸಲು ಹಚ್ಚಿದ ಪೇಸ್ಟ್ ಆರಿ ಸುಣ್ಣದ ಹಕ್ಕಳೆ ಆಗಿತ್ತು. ಒರೆಸಿ, ಬಟಾಣಿ ಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟು, ಗೂಟಗಳನ್ನು ಎದುರುಬದುರಾಗಿ ಒತ್ತಿದೆ. ಈಗ 45ರ ಆಸುಪಾಸು ನಿಂತಿದೆ.

ಗಮನಿಸಿದಿರಾ? ಪೇಸ್ಟ್ ಆರಿತ್ತು. ಅದಕ್ಕೆ ಬಿಸಿ ಆರಲಿಲ್ಲ. ಅದಕ್ಕೆ ಕಂಪ್ಯೂಟರ್ ಆರಿತು. ಒಣಗು, ತಣ್ಣಗಾಗು, ನಂದು, ಮೂರೂ ಒಂದೇ ಪದದಲ್ಲಿ! ಹಳಗನ್ನಡದಲ್ಲಿ ಇದು ಶಕಟರೇಫದ (ಹಳೆಯ 'ಱ' ಅಕ್ಷರದ) 'ಆಱು'. ಕಾಫಿ ಆರುತ್ತೆ, ಬಾಯಿ ಆರುತ್ತೆ, ಗಾಯ ಆರುತ್ತೆ, ದೀಪ ಆರುತ್ತೆ. ತೆಲುಗಿನಲ್ಲೂ ಬಟ್ಟೆ, ದೀಪ ಎರಡೂ ಆರುತ್ತವೆ. ಆದ್ದರಿಂದ ಬಿಸಿಯಾಗಿ ಆಫ್ ಆಗುವ ಕಂಪ್ಯೂಟರಿಗೆ 'ಆರಿಹೋಯಿತು' ಅನ್ನುವುದೇ ಸರಿ ಅಂತ ನನಗೀಗ ಅನ್ನಿಸಿಬಿಟ್ಟಿದೆ.

ತೊಂದರೆ ಇರುವುದು 'ಆರಿಸು'ವಿನಲ್ಲಿ. ಪರದೆಯ ಮೇಲೆ 'ಆರಿಸಿ' ಅಂತ ಕಂಡರೆ ಆಯ್ಕೆ ಮಾಡಿ ಅಂತಲೋ, ಆಫ್ ಮಾಡಿ ಅಂತಲೋ? ಈಗಾಗಲೇ ಎಷ್ಟೋ ಕಡೆ ಅದನ್ನು ಆಯ್ಕೆಗೇ ಬಳಸಿದ್ದಾರೆ. ಇನ್ನೊಂದು ತೊಡಕು ಮನೆಯೊಳಗಿನದು. ನಮ್ಮಜ್ಜಿ ದೇವರ ದೀಪವನ್ನು 'ಆರಿಸು' ಅನ್ನಲು ಬಿಡುತ್ತಿರಲಿಲ್ಲ, ಅದು ಅಪಶಕುನ, 'ದೊಡ್ಡದು ಮಾಡು' ಅನ್ನಬೇಕಿತ್ತು. ಕಂಪ್ಯೂಟರಿಗೆ ಹಾಗೆ ಅಂದರೆ ದೊಡ್ಡ ಮಾನಿಟರ್ ತಂದಾರು!

ಅಂದಹಾಗೆ ಇನ್ನೊಂದು. ಮಾವ ಮೊದಲು ಅಂಗಡಿಯೊಂದಕ್ಕೆ ಕೇಳಿದ್ದರಂತೆ, ಅವರು "ಸಿಪಿಯು ಹೋಗಿದೆ, ಹೊಸದು ಹಾಕಿ" ಅಂದರಂತೆ. ನಮ್ಮ ಕಡೆ ಸಿಪಿಯು ಅಂದರೆ ಇಡೀ ಡಬ್ಬಿ, ಪುಸ್ತಕದಲ್ಲಿ ಮಾತ್ರ ಅದು ಒಳಗಿನ ಪ್ರೊಸೆಸರ್ ಚಿಪ್. ಅಂಗಡಿಯವರು ಯಾವುದನ್ನು ಹೇಳಿದರೋ! ಎರಡೂ ಹೋಗಿರಲಿಲ್ಲ ಅನ್ನುವುದು ಬೇರೆ ಮಾತು.

ಈಗ ನನ್ನ ಪ್ರಶ್ನೆ. ನಿಮ್ಮ ಊರಿನಲ್ಲಿ ಟಿವಿ, ಕಂಪ್ಯೂಟರ್, ಮೊಬೈಲ್ ಇವುಗಳಿಗೆ 'ಆರು' ಬಳಸುತ್ತಾರಾ, ಅಥವಾ ಲೈಟಿಗೆ ಮಾತ್ರವಾ? ತಾನಾಗೇ ಆಫ್ ಆಗುವುದಕ್ಕೆ 'ಬಂದ್ ಬಿತ್ತು' ತರಹದ ಬೇರೆ ಮಾತು ಮೈಸೂರು, ಮಂಡ್ಯ, ಮಂಗಳೂರು ಕಡೆ ಇದೆಯಾ? ಆಯ್ಕೆಯ 'ಆರಿಸು'ವಿಗೂ ಈ 'ಆಱು'ವಿಗೂ ಬೇರಿನಲ್ಲಿ ನಂಟಿದೆಯಾ, ಅಥವಾ ಬರೀ ಉಚ್ಚಾರ ಒಂದಾಗಿದೆಯಾ ಅನ್ನುವುದನ್ನು ಹಳಗನ್ನಡ ಬಲ್ಲವರು ಬಿಡಿಸಿ ಹೇಳಿದರೆ ಇನ್ನೂ ಖುಷಿ.